ಡೋರಿಕಾ ಮೇಡಂ ಕಲಿಸಿದ ಪೊರೆಯ ಪಾಠ

ಚಿಲ್ವಾ ಸರೋವರದ ದಂಡೆಯ ನಮ್ಮ ಶಾಲೆಯಲ್ಲಿ ಡೋರಿಕಾ ನಚೂಮ ಇಪ್ಪತ್ತಾರು ವರ್ಷ ಜೀವಶಾಸ್ತ್ರ ಕಲಿಸಿದಳು. ಅದರಲ್ಲಿ ಹತ್ತೊಂಬತ್ತು ವರ್ಷ ನಾನು ಪಕ್ಕದ ಕೋಣೆಯಲ್ಲಿ ಭೂಗೋಳ ಕಲಿಸಿದೆ. ನಡುವಿನ ಗೋಡೆ ತಗಡಿನ ಮಾಡನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಅವಳ ಪಾಠವೆಲ್ಲ ನನಗೂ ಬಾಯಿಪಾಠವಾಗಿತ್ತು.

ಕೋಶದ ಪೊರೆಯ ಪಾಠಕ್ಕೆ ಪಠ್ಯಕ್ರಮದಲ್ಲಿ ಕೊಟ್ಟದ್ದು ನಾಲ್ಕೇ ಪೀರಿಯಡ್. ಡೋರಿಕಾ ಮೂರು ವಾರ ಎಳೆಯುತ್ತಿದ್ದಳು. ಹುಡುಗರು ಹಿಂದಿನಿಂದ ಅವಳನ್ನು ಪೊರೆ ಮೇಡಂ ಎನ್ನುತ್ತಿದ್ದರು. ನೂರಿಪ್ಪತ್ತು ಮಕ್ಕಳ ಎದುರಿಗೆ ಒಂದು ಗಾಜಿನ ಲೋಟದಲ್ಲಿ ನೀರಿಟ್ಟು, ಅದಕ್ಕೆ ಅಡುಗೆ ಎಣ್ಣೆಯ ಹನಿ ಬಿಟ್ಟು ಶುರುಮಾಡುವಳು. ನಮ್ಮ ಮೈಯ ಒಂದೊಂದು ಕೋಶಕ್ಕೂ ಜಿಡ್ಡಿನದೊಂದು ಹೊದಿಕೆ ಇದೆ, ಅದು ಎರಡು ಪದರದ್ದು. ಜಿಡ್ಡಿನ ಪ್ರತಿ ಕಣಕ್ಕೂ ನೀರನ್ನು ಬಯಸುವ ತಲೆ, ನೀರಿಗೆ ಹೇಸುವ ಎರಡು ಬಾಲ. ಆದ್ದರಿಂದ ಯಾರೂ ಹೇಳದೆಯೇ ಅವು ಬಾಲಗಳನ್ನು ಒಳಗೆ ಮಾಡಿಕೊಂಡು, ತಲೆಗಳನ್ನು ಹೊರಗಿಟ್ಟು ಎರಡು ಸಾಲಾಗಿ ನಿಲ್ಲುತ್ತವೆ. ಉಸಿರಿನ ಗಾಳಿ ಅದರೊಳಗೆ ಹಾದುಹೋಗುತ್ತದೆ. ಉಪ್ಪು, ಸಕ್ಕರೆ ಹೋಗಲಾರವು. ಅವಕ್ಕೆಂದೇ ಆ ಜಿಡ್ಡಿನ ನಡುವೆ ಪ್ರೋಟೀನಿನ ಬಾಗಿಲುಗಳಿವೆ, ಒಬ್ಬೊಬ್ಬರಿಗೆ ಒಂದೊಂದು ಬಾಗಿಲು.

ಮೊದಮೊದಲು ಇದನ್ನು ಅವಳು ಹೇಳುವಾಗ ನನ್ನ ತರಗತಿಯ ಮಕ್ಕಳೂ ಅತ್ತ ಕಿವಿ ಕೊಡುತ್ತಿದ್ದರು. ವರ್ಷಗಳು ಕಳೆದಂತೆ ದನಿ ಸವೆಯಿತು. ಮಿನಿಬಸ್ಸಿನ ಕಂಡಕ್ಟರ್ ನಿಲ್ದಾಣಗಳ ಹೆಸರು ಒದರುವ ಹಾಗೆ ತಲೆ, ಬಾಲ, ಬಾಗಿಲು ಎನ್ನುತ್ತಿದ್ದಳು. ಮಕ್ಕಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ತೆಗೆಯುತ್ತಿದ್ದರು. ಮೂರು ವಾರ ಯಾಕೆ ಎಂದು ನಾನು ಒಂದೆರಡು ಸಲ ಕೇಳಿದ್ದೆ. ಅರ್ಥ ಆಗಬೇಕಲ್ಲ ಎಂದಿದ್ದಳು, ಅಷ್ಟೆ.

ಅವಳ ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ, ಜನವರಿ ಮಳೆ ಹಿಡಿದ ಎರಡನೇ ವಾರಕ್ಕೆ ಕಾಲರಾ ಬಂತು. ಸರೋವರದ ನಡುವೆ ಜೊಂಡನ್ನು ಒಟ್ಟಿ, ಅದರ ಮೇಲೆ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಮೀನು ಹಿಡಿಯುವವರಿದ್ದಾರೆ. ಅವರು ಕುಡಿಯುವುದೂ ಅದೇ ನೀರು, ಬಹಿರ್ದೆಸೆಗೆ ಕೂರುವುದೂ ಅದೇ ನೀರಿಗೆ. ಮೊದಲ ದೋಣಿಗಳು ಬಂದದ್ದು ಅಲ್ಲಿಂದ. ಆರೋಗ್ಯ ಸಹಾಯಕ ಕಲಿಪಿಂಡೆ ನಮ್ಮ ಆಟದ ಬಯಲಿನಲ್ಲಿ ಎರಡು ಡೇರೆ ಹೊಡೆಸಿ, ಶಾಲೆ ಮುಚ್ಚಿಸಿ, ಕೆಲಸಕ್ಕೆ ಕೈಜೋಡಿಸಲು ಜನ ಬೇಕು ಎಂದು ಮೇಷ್ಟ್ರುಗಳನ್ನು ಕೇಳಿದ. ಬಹಳ ಮಂದಿ ಊರಿಗೆ ಹೋದರು. ಡೋರಿಕಾ ಉಳಿದಳು, ಅವಳನ್ನು ನೋಡಿ ನಾನೂ ಉಳಿದೆ. ನೀರು ಕಾಯಿಸುವುದು, ಬಕೆಟ್ಟಿಗೆ ಕ್ಲೋರಿನ್ ಹಾಕಿ ತೊಳೆಯುವುದು, ಭೇದಿ ಬಕೆಟ್ಟಿಗೆ ಬೀಳಲೆಂದು ನಡುವೆ ತೂತು ಮಾಡಿದ ಮಂಚಗಳ ಕೆಳಗೆ ಒರೆಸುವುದು. ಮೂರನೇ ದಿನಕ್ಕೆ ನಮ್ಮ ಬಟ್ಟೆಯಿಂದ ಆ ವಾಸನೆ ಹೋಗುವುದೇ ಬಿಟ್ಟಿತು. ಮೆಕ್ಕೆಜೋಳದ ನ್ಸಿಮಾ ಮುದ್ದೆಯನ್ನು ಕೈಯಲ್ಲಿ ಹಿಡಿದರೆ ಬಾಯಿಗೆ ಹೋಗುತ್ತಿರಲಿಲ್ಲ.

ಐದನೇ ದಿನ ಸೇತುವೆಯ ಮೇಲೆ ನೀರು ಹರಿದು ದಾರಿ ಕಡಿಯಿತು. ಡೇರೆಯಲ್ಲಿ ನಲವತ್ತೊಂದು ಜನ. ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಪುಡಿಯ ಪೊಟ್ಟಣಗಳು ಮುಗಿದಿದ್ದವು, ಡ್ರಿಪ್ಪಿನ ಬಾಟಲಿ ಒಂಬತ್ತು ಉಳಿದಿದ್ದವು. ಅವನ್ನು ಪ್ರಜ್ಞೆ ಇಲ್ಲದವರಿಗೆ ಇಡೋಣ, ಬಾಯಲ್ಲಿ ಕುಡಿಯಬಲ್ಲವರಿಗೆ ನಾವೇ ಬೆರೆಸೋಣ ಎಂದ ಕಲಿಪಿಂಡೆ. ಅಂಗಡಿಯವನು ಸಕ್ಕರೆ ಮೂಟೆಯನ್ನೇ ತಂದು ಇಳಿಸಿದ. ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಅಂಚಿಗೆ ಸಮವಾಗಿ ಸವರಿದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆಯನ್ನು ಡೋರಿಕಾ ಯಾರ ಕೈಗೂ ಕೊಡಲಿಲ್ಲ.

ಆ ದಿನವೇ ಬಂದದ್ದು ಲೈಸನ್ ಎಂಬ ಮೀನುಗಾರ ಮತ್ತು ಅವನ ತಾಯಿ, ಮುದುಕಿ ನಸಿಬೇಕೊ. ಅವನ ಕಣ್ಣು ಗುಳಿಬಿದ್ದು, ಬೆರಳ ತುದಿ ಒಗೆದ ಬಟ್ಟೆಯಂತೆ ಮುದುಡಿತ್ತು. ಹಿಂದಿನ ದಿನದಿಂದ ಮುದುಕಿ ಅವನಿಗೆ ನೀರು ಕೊಡುವುದನ್ನೇ ನಿಲ್ಲಿಸಿದ್ದಳು. ಡೋರಿಕಾ ಲೋಟ, ಚಮಚ ಹಿಡಿದು ಹೋದರೆ ಕೈ ಅಡ್ಡ ಇಟ್ಟಳು.

"ಕೊಟ್ಟಿದ್ದೆಲ್ಲ ಹೊರಗೇ ಹೋಗುತ್ತೆ ಟೀಚರಮ್ಮ. ತೂತು ಬಿದ್ದ ಗಡಿಗೆಗೆ ಯಾರಾದ್ರೂ ನೀರು ಹುಯ್ತಾರಾ? ಅದೂ ಸಕ್ಕರೆ ನೀರು. ನನ್ನ ಮಗ ಏನು ನೆಂಟರ ಮನೆಗೆ ಬಂದಿದಾನಾ?"

"ತೂತು ಬಿದ್ದಿಲ್ಲ ಗೋಗೋ," ಎಂದಳು ಡೋರಿಕಾ. ಅಜ್ಜಿಯರನ್ನು ನಾವು ಹಾಗೇ ಕರೆಯುವುದು. "ಕರುಳಲ್ಲಿ ಒಂದು ಬಾಗಿಲು ತೆರ್ಕೊಂಡು ಬಿಟ್ಟಿದೆ. ಕಾಯಿಲೆ ಅದನ್ನ ಮುಚ್ಚೋಕೆ ಬಿಡ್ತಿಲ್ಲ. ಉಪ್ಪು ಹೊರಗೆ ಓಡ್ತಿದೆ, ಅದರ ಬೆನ್ನಿಗೆ ನೀರೂ ಓಡ್ತಿದೆ."

"ಹಂಗಾದ್ರೆ ನೀವು ಕೊಡೋದೂ ಅಲ್ಲೇ ಹೋಗಲ್ವಾ?"

"ಪಕ್ಕದಲ್ಲಿ ಇನ್ನೊಂದು ಬಾಗಿಲಿದೆ, ಒಳಕ್ಕೆ ಹೋಗೋದು. ಅದು ಕೆಟ್ಟಿಲ್ಲ. ಆದ್ರೆ ಉಪ್ಪು ಒಂದೇ ಬಂದು ನಿಂತ್ರೆ ತೆಗೆಯಲ್ಲ, ಸಕ್ಕರೆ ಒಂದೇ ಬಂದ್ರೂ ತೆಗೆಯಲ್ಲ. ಇಬ್ರೂ ಜೊತೇಲಿ ಬಂದ್ರೆ ಒಳಗೆ ಬಿಡುತ್ತೆ. ಅವರ ಹಿಂದೆ ನೀರು ಹೋಗುತ್ತೆ."

ಮುದುಕಿ ಲೋಟವನ್ನೂ ಮಗನನ್ನೂ ನೋಡಿದಳು. "ಆ ಬಾಗಿಲು ನೀವು ಕಂಡಿದೀರಾ?"

"ಇಲ್ಲ. ಪುಸ್ತಕದಲ್ಲಿ ಓದಿದ್ದು." ಡೋರಿಕಾ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. "ನಮ್ಮಮ್ಮ ಇದೇ ಕಾಯಿಲೇಲಿ ಹೋದ್ರು ಗೋಗೋ. ನನಗೆ ಹನ್ನೊಂದು ವರ್ಷ. ಎರಡು ದಿನ ಬರೀ ನೀರು ಕುಡಿಸಿದ್ದು ನಾನೇ, ಬಾವಿಗೆ ಓಡಿ ಓಡಿ ತಂದು. ಮನೇಲಿ ಉಪ್ಪಿತ್ತು, ಸಕ್ಕರೇನೂ ಇತ್ತು. ಎರಡನ್ನೂ ಸೇರಿಸಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಟ್ರೈನಿಂಗ್ ಕಾಲೇಜಲ್ಲಿ ಈ ಪಾಠ ಓದಿದ ದಿನ ನನಗೆ ಗೊತ್ತಾಯ್ತು."

ಹದಿನಾರು ವರ್ಷ ಗೋಡೆಯಾಚೆಯಿಂದ ಅವಳ ಪಾಠ ಕೇಳಿದ ನನಗೆ ಇದು ಗೊತ್ತಿರಲಿಲ್ಲ. ನಾನು ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ನಿಂತೆ.

"ಇಲ್ಲಿ ಕೊಡಿ ಚಮಚ," ಎಂದಳು ಮುದುಕಿ. "ನನ್ನ ಮಗನಿಗೆ ನಾನೇ ಕುಡಿಸ್ತೀನಿ."

ಲೈಸನ್ ಮೊದಲು ಕುಡಿದದ್ದನ್ನು ವಾಂತಿ ಮಾಡಿದ. ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ, ಚಮಚದಲ್ಲೇ ಕೊಡಿ ಎಂದಳು ಡೋರಿಕಾ. ಮುದುಕಿ ಕೊಟ್ಟಳು. ಹಾಗೆ ಒಂದು ದಿನ ಪೂರ್ತಿ. ಮಾರನೇ ಮಧ್ಯಾಹ್ನ ಅವನು ಎದ್ದು ಕೂತು ಉಚ್ಚೆ ಹುಯ್ಯಬೇಕು ಎಂದ. ಮೈಗೆ ನೀರು ಹತ್ತಿದೆ ಎಂಬುದಕ್ಕೆ ಅದಕ್ಕಿಂತ ಗುರುತು ಬೇಕಿರಲಿಲ್ಲ. ಒಬ್ಬ ಗಂಡಸು ಉಚ್ಚೆ ಹುಯ್ದ ಅಂತ ಇಷ್ಟು ಜನ ಖುಷಿಪಟ್ಟಿದ್ದು ಈ ಜಿಲ್ಲೆಯಲ್ಲಿ ಇದೇ ಮೊದಲು ಎಂದ ಕಲಿಪಿಂಡೆ. ನಾವು ನಕ್ಕೆವು. ಡೋರಿಕಾ ನಕ್ಕಳೋ ಇಲ್ಲವೋ ನಾನು ನೋಡಲಿಲ್ಲ. ಸಕ್ಕರೆ ಮೂಟೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಆ ಎರಡು ದಿನ ನಾವೇ ಬೆರೆಸಿದ ನೀರಿನಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಉಳಿದರು, ಆರು ಜನ ಹೋದರು. ಆಮೇಲೆ ದಾರಿ ತೆರೆದು ಪೊಟ್ಟಣಗಳು ಬಂದವು.

ಎಲ್ಲ ಇಳಿಮುಖವಾಗಿದೆ ಎಂದುಕೊಳ್ಳುವಾಗ ಒಂದು ಬೆಳಿಗ್ಗೆ ಜೊಂಡಿನ ಗುಡಿಸಲುಗಳ ಕಡೆಯಿಂದ ಒಂದು ದೋಣಿ ಬಂತು. ತನ್ನ ಹೆಂಡತಿಯನ್ನು ಹೆಂಗಸರು ಸೊಂಟಕ್ಕೆ ಸುತ್ತುವ ಚಿತೆಂಜೆ ಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಒಬ್ಬ ಚಿಕ್ಕ ವಯಸ್ಸಿನ ಗಂಡಸು ದಂಡೆ ಏರಿ ಬಂದ. ಕಲಿಪಿಂಡೆ ನಾಡಿ ಹುಡುಕಿದ, ಸಿಗಲಿಲ್ಲ. ತೋಳಿನ ನರವೂ ಸಿಗಲಿಲ್ಲ. ಡ್ರಿಪ್ಪು ಸಿಕ್ಕಿಸುವ ಮೊದಲೇ ಅವಳು ಹೋದಳು. ಬಟ್ಟೆ ಸರಿಸಿದಾಗ ನಾವಿಬ್ಬರೂ ಗುರುತು ಹಿಡಿದೆವು. ಅಲಿನಾಫೆ. ಮೂರು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಓದು ಮುಗಿಸಿದವಳು. ಪೊರೆಯ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವಳು, ಅವಳ ಉತ್ತರಪತ್ರಿಕೆಯನ್ನು ಡೋರಿಕಾ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದ್ದಳು.

ಗಂಡ ಬಯಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಡೋರಿಕಾ ಹೋಗಿ ಎದುರು ಕೂತಳು. ಎಷ್ಟು ದಿನವಾಯಿತು, ಏನು ಕೊಟ್ಟೆ ಎಂದು ಮೆಲ್ಲಗೆ ಕೇಳಿದಳು. ಒಂದೂವರೆ ದಿನ, ನೀರು ಕೊಟ್ಟೆ, ಗಾಳಿ ಜೋರಿದ್ದರಿಂದ ದೋಣಿ ಬಿಡಲಾಗಲಿಲ್ಲ ಎಂದ.

"ಸಕ್ಕರೆ ಇರಲಿಲ್ವಾ ಮಗಾ?"

"ಇತ್ತು ಟೀಚರ್. ಟೀಗೆ ಅಂತ ಇಟ್ಕೊಂಡಿದ್ವಿ."

"ಉಪ್ಪು?"

"ಮೀನಿಗೆ ಹಾಕೋಕೆ ಮೂಟೆಗಟ್ಲೆ ಇದೆ." ಅವನು ಯಾಕೆ ಎಂಬಂತೆ ನೋಡಿದ.

"ಅವಳೇನೂ ಹೇಳಲಿಲ್ವಾ? ಅವಳಿಗೆ ಗೊತ್ತಿತ್ತು. ಬರೆದಿದ್ಲು."

"ಶಾಲೆ ಪುಸ್ತಕ ಎಲ್ಲಾ ತಂದಿದ್ಲು ಟೀಚರ್. ಒಣಮೀನು ಕಟ್ಟೋಕೆ ಹಾಳೆ ಹರ್ಕೊಂಡು ಹರ್ಕೊಂಡು ಖಾಲಿ ಆಯ್ತು. ಕಾಯಿಲೆ ಬಗ್ಗೆ ಅದರಲ್ಲಿ ಇದೆ ಅಂತ ಯಾವತ್ತೂ ಅಂದಿಲ್ಲ."

ಡೋರಿಕಾ ಅವನ ಹೆಗಲ ಮೇಲೆ ಕೈ ಇಟ್ಟಳು, ತೆಗೆದಳು. ಆಮೇಲೆ ಡೇರೆಗೆ ಬಂದು ಇಡೀ ದಿನ ಬಕೆಟ್ ತೊಳೆದಳು. ಸಂಜೆ ಕೈ ತೊಳೆಯುವಾಗ ನನ್ನ ಹತ್ತಿರ ಒಂದೇ ಮಾತು ಹೇಳಿದಳು. "ಉಪ್ಪು ಸಕ್ಕರೆ ಬೆರೆಸಿ ಕುಡಿಸಿದ್ರೆ ಜೀವ ಉಳಿಯುತ್ತೆ ಅಂತ ನಾನು ಬಾಯಿಬಿಟ್ಟು ಹೇಳಿರಲಿಲ್ಲ ಕಣೆ. ಕೆಲವು ವಸ್ತುಗಳು ಜೊತೆಯಾಗಿ ಸಾಗುತ್ತವೆ ಅಂತ ಬರೆಸಿದ್ದೆ."

ಮಾರ್ಚಿನಲ್ಲಿ ಶಾಲೆ ತೆರೆಯಿತು. ಅಂದಿನಿಂದ ಅವಳು ಎಣ್ಣೆ ಹನಿ ಬಿಡಲಿಲ್ಲ. ಮೊದಲ ದಿನವೇ ನೀರು, ಉಪ್ಪು, ಸಕ್ಕರೆ, ಚಮಚ ತಂದು ಪ್ರತಿಯೊಬ್ಬರ ಕೈಯಲ್ಲೂ ಬೆರೆಸಿಸಿ, ರುಚಿ ನೋಡಿಸುತ್ತಿದ್ದಳು. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಬೆರೆಸಬೇಕು. ಓದು ಬರದ ಒಬ್ಬರಿಗೆ ಕಲಿಸಿ ಅವರ ಹೆಸರು ಬರೆದುತರಬೇಕು. ಆಮೇಲೆ, ಹೊತ್ತು ಉಳಿದರೆ, ತಲೆ ಮತ್ತು ಬಾಲ. ಹೊತ್ತು ಉಳಿಯುತ್ತಿರಲಿಲ್ಲ.

ಮರುವರ್ಷ ಶಾಲಾ ಇನ್ಸ್‌ಪೆಕ್ಟರ್ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು. ಎರಡು ಪದರದ ಚಿತ್ರ ಬರೆಯಲು ಹೇಳಿದಾಗ ನಾಲ್ಕೇ ಮಕ್ಕಳಿಗೆ ಬಂತು. ಇದು ಆಸ್ಪತ್ರೆಯ ಕೆಲಸ ಮೇಡಂ, ನಿಮ್ಮ ಪಠ್ಯ ಹಿಂದೆ ಬಿದ್ದಿದೆ ಎಂದರು.

"ಬಿದ್ದಿದೆ ಸರ್. ಬರ್ಕೊಳ್ಳಿ," ಎಂದಳು ಡೋರಿಕಾ. ವಾದ ಮಾಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ, ಪಾಠ ಬದಲಿಸುವ ಮನಸ್ಸೂ ಇರಲಿಲ್ಲ. ಅವರು ಬರೆದುಕೊಂಡು ಹೋದರು. ಆ ಸಲ ಜೀವಶಾಸ್ತ್ರದಲ್ಲಿ ನಮ್ಮ ಶಾಲೆಯ ಅಂಕ ಇಳಿಯಿತು. ಮತ್ತೆರಡು ವರ್ಷಕ್ಕೆ ಅವಳು ನಿವೃತ್ತಳಾದಳು.

ಕಾಲರಾ ಮತ್ತೆ ಬಂತು, ಬಾರದೆ ಇರುವುದುಂಟೇ. ಆ ಸಲ ಜೊಂಡಿನ ಗುಡಿಸಲುಗಳಿಂದ ಬಂದವರಲ್ಲಿ ಬಹಳ ಮಂದಿ ಬಾಟಲಿಯಲ್ಲಿ ಉಪ್ಪು ಸಕ್ಕರೆ ಬೆರೆಸಿದ ಮಸುಕು ನೀರು ಹಿಡಿದುಕೊಂಡು, ದಾರಿಯುದ್ದಕ್ಕೂ ಕುಡಿಯುತ್ತಾ ಬಂದಿದ್ದರು. ಕಲಿಪಿಂಡೆ ಅದನ್ನು ಹೇಳಲೆಂದೇ ಅವಳ ಮನೆಗೆ ಹೋಗಿದ್ದ, ನಾನೂ ಅಲ್ಲಿದ್ದೆ. ರೇಡಿಯೋದಲ್ಲೂ ಹೇಳುತ್ತಿದ್ದರು ಈಗೀಗ, ಅದರಿಂದಲೂ ಇರಬಹುದು ಎಂದ, ಸುಳ್ಳು ಹೊಗಳಿಕೆ ಅವನಿಗೆ ಬರುತ್ತಿರಲಿಲ್ಲ.

"ಇರಬಹುದು," ಎಂದಳು ಡೋರಿಕಾ. "ಯಾರು ಹೇಳಿದ್ರೇನು, ಕುಡೀತಾ ಬಂದ್ರಲ್ಲ." ಎಷ್ಟು ಜನ ಎಂದು ಅವಳು ಕೇಳಲಿಲ್ಲ. ಒಲೆಯ ಮೇಲೆ ಅವರೆಕಾಳು ಬೇಯಲಿಟ್ಟಿದ್ದಳು, ಸೀದೀತು ಎಂದು ಒಳಗೆ ಹೋದಳು.