ಎಂಟು ಪಾಲು ಆಕಾಶ

ನಮ್ಮ ಕೊಳ್ಳೇಗಾಲದ ತಂತಿ ಕಚೇರಿಗೆ ದಿನಾ ಬೆಳಿಗ್ಗೆ ಎಂಟೂವರೆಗೆ ಬರುವ ಹವಾಮಾನ ವೀಕ್ಷಕ ಬಿಳಿಗಿರಿಯ ಕೊರಳಿಗೆ ಬಗ್ಗುವ ಅಭ್ಯಾಸವೇ ಇಲ್ಲ. ಮದುವೆಯೂಟಕ್ಕೆ ಕೂತರೂ ಎಲೆಗಿಂತ ಮೊದಲು ಆಕಾಶ ನೋಡುತ್ತಾನೆ. ವಿಮಾನ ಹತ್ತಿದವನಲ್ಲ, ಆದರೂ ಅಂಗಳದಲ್ಲಿ ನಿಂತು, ಮುದ್ದೆ ಮುರಿದಂತೆ ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮೋಡವೆಂದು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ನನ್ನಿಂದ ತಂತಿ ಹೊಡೆಸುತ್ತಾನೆ. "ಮೂರು ಪಾಲಲ್ಲವೇನಯ್ಯ?" ಎಂದು ನಾನು ಬಾಯಿ ಹಾಕಿದರೆ, "ನೀವು ತಂತಿ ಒಡೀರಿ ಸಾ, ಆಕಾಸ ನಂದು" ಎನ್ನುತ್ತಾನೆ. ಹೆಂಡತಿ ಪುಟ್ಟಗೌರಮ್ಮ ತೀರಿಕೊಂಡ ಮರುದಿನವೂ ಎಂಟೂವರೆಗೇ ಬಂದ. ಸೂತಕವೆಂದು ಒಳಗೆ ಬರದೆ, ಬಹಳ ಹೊತ್ತು ತಲೆಯೆತ್ತಿ ನಿಂತು, ಕೊನೆಗೆ ನನ್ನನ್ನು ಅಂಗಳಕ್ಕೆ ಕರೆದ. "ಇವತ್ತು ಒಸಿ ನೀವೇ ನೋಡಿ ಸಾ. ಈ ಮಬ್ಬು ಮೋಡದ್ದೋ ನನ್ ಕಣ್ಣಿಂದೋ ಗೊತ್ತಾಯ್ತಿಲ್ಲ. ಮ್ಯಾಲೆ ಓಗೋರ್ಗೆ ಸುಳ್ಳು ಯೋಳ್ಬಾರ್ದು."