ಕಿಡ್ನಿ ಕೊಟ್ಟವರ ಗುಣ

ಅತ್ತಿಗೆ, ನಿಮ್ಮನ್ನು ನಿಮ್ಮ ತಮ್ಮನಿಂದ ದೂರ ಮಾಡಿದವಳು ನಾನು. ಇಷ್ಟು ವರ್ಷ ಆ ತಪ್ಪನ್ನು ಅವರ ತಲೆಗೇ ಕಟ್ಟಿ ಸುಮ್ಮನಿದ್ದವಳೂ ನಾನೇ.

ನೀವು ಕಿಡ್ನಿ ಕೊಟ್ಟು ಅವರನ್ನು ಉಳಿಸಿಕೊಟ್ಟಿರಿ. ಆದರೆ ಪೀಣ್ಯದ ಮನೆಗೆ ಮರಳಿದವರು ಬೇರೆ ಯಾರೋ ಆಗಿದ್ದರು. ಲೇತ್ ಮೆಷಿನ್ ಮೇಲೆ ಕೂದಲೆಳೆಯಷ್ಟೂ ತಪ್ಪದ ಕೈ, ಕಾಫಿ ಲೋಟ ಹಿಡಿದರೆ ನಡುಗುತ್ತಿತ್ತು. ನಿದ್ದೆಯಿಲ್ಲ. ಸಾರಿನಲ್ಲಿ ಏನೋ ಬೆರೆಸಿದ್ದೀಯ ಎಂದು ತಟ್ಟೆ ತಳ್ಳುತ್ತಿದ್ದರು. ಒಂದು ದಿನವೂ ದನಿ ಎತ್ತದಿದ್ದ ಗಂಡ — ನನಗೆ ಹೆದರಿಕೆಯಾಗಿತ್ತು. "ಕೊಟ್ಟೋರ್ ಗುಣಾನೂ ಜೊತೇಲೇ ಬತ್ತದೆ ಕಣಮ್ಮ" ಎಂದರು ಮನೆ ಓನರಮ್ಮ. ನಿಮ್ಮ ಸಿಟ್ಟು ನೆಂಟರಿಗೆಲ್ಲ ಗೊತ್ತಿದ್ದದ್ದೇ. ನಾನು ನಂಬಿಬಿಟ್ಟೆ.

ಆ ಭಾನುವಾರ ನೀವು ಚಂದಾಪುರದಿಂದ ಬಸ್ಸು ಬದಲಿಸಿಕೊಂಡು, ಅವರಿಗೆಂದು ಉಪ್ಪು ಕಡಿಮೆ ಹಾಕಿದ ಅಕ್ಕಿರೊಟ್ಟಿ ತಂದಿದ್ದಿರಿ. ಬಾಗಿಲಲ್ಲೇ ಅಂದೆ: "ನಿಮ್ ಕಿಡ್ನಿ ಜೊತೆ ನಿಮ್ ಕೋಪಾನೂ ಬಂದ್ಬಿಟ್ಟಿದೆ. ನಿಮ್ಮನ್ನ ನೋಡಿದ್ರೆ ಇನ್ನೂ ಜಾಸ್ತಿ ಆಗುತ್ತೆ. ಬರ್ಬೇಡಿ ಅತ್ತಿಗೆ." ಬೈಯುತ್ತೀರಿ ಎಂದುಕೊಂಡಿದ್ದೆ. ನೀವು ಡಬ್ಬಿ ಕೊಟ್ಟು ಹೊರಟುಹೋದಿರಿ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಹೇಳಿದರು — ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲೆಂದು ಕೊಡುವ ಮಾತ್ರೆಗಳಿಂದಲೇ ಕೆಲವರಿಗೆ ಹೀಗಾಗುತ್ತದೆ, ಮನಸ್ಸು ಕದಡುತ್ತದೆ. ಮಾತ್ರೆ ಬದಲಿಸಿದರು. ನಿಧಾನವಾಗಿ ಅವರು ಮೊದಲಿನಂತಾದರು. ಅಂದೇ ನಿಮಗೆ ಫೋನು ಮಾಡಬೇಕಿತ್ತು. ನಾಚಿಕೆಯಿಂದ ಮಾಡಲಿಲ್ಲ — ಇನ್ನೂ ಒಂದಿದೆ, ಹೇಳಿಬಿಡುತ್ತೇನೆ — ಆಪರೇಷನ್ ಆಗಿ ಕಣ್ಣುಬಿಟ್ಟಾಗ ಅವರು ಮೊದಲು ಕರೆದದ್ದು ನಿಮ್ಮನ್ನು, ನನ್ನನ್ನಲ್ಲ...

ಆ ತಿಂಗಳುಗಳು ಅವರಿಗೆ ಸರಿಯಾಗಿ ನೆನಪಿಲ್ಲ. "ಅಕ್ಕಂಗೆ ನಾನೇನಾದ್ರೂ ಅಂದ್ನೇನೇ?" ಎಂದು ಕೇಳಿದರು. ನಾನು ಸುಮ್ಮನಿದ್ದೆ. ಅಂದಿದ್ದೇನೆ ಎಂದೇ ತಿಳಿದರು. ಪ್ರತಿ ಗೌರಿ ಹಬ್ಬಕ್ಕೂ ನಿಮಗೆಂದು ಬಾಗಿನದ ಮೊರ ತರುತ್ತಾರೆ, "ಯಾವ್ ಮುಖ ಇಟ್ಕೊಂಡ್ ಹೋಗ್ಲಿ" ಎಂದು ಕುಳಿತುಬಿಡುತ್ತಾರೆ. ನನಗೂ ನೀವು ಬೇಕು ಅತ್ತಿಗೆ. ಒಬ್ಬಟ್ಟು ತಟ್ಟುವಾಗ ಪಕ್ಕದಲ್ಲಿ ಕುಳಿತು "ಹೂರಣ ಗಟ್ಟಿಯಾಯ್ತು ಕಣೇ" ಎಂದು ರೇಗುವವರಿಲ್ಲದೆ ಹಬ್ಬ ಹಬ್ಬದಂತಿಲ್ಲ.

ಇವತ್ತು ಅವರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. "ಹಂಗಾದ್ರೆ ನಾನು ಅಕ್ಕಂಗೆ ಏನೂ ಅಂದಿಲ್ಲ" ಎಂದರು, ಮಗುವಿನ ಹಾಗೆ ಅತ್ತರು. ನನ್ನ ಮುಖ ಮಾತ್ರ ನೋಡಲಿಲ್ಲ.

ನಾಳೆ ಹಬ್ಬ. ಬಾಗಿನ ಹಿಡಿದು ಬರುತ್ತಾರೆ, ತೆಗೆದುಕೊಳ್ಳಿ. ನಾನೂ ಜೊತೆಗೆ ಬರುತ್ತೇನೆ. ನನ್ನನ್ನು ಒಳಗೆ ಕರೆಯಲೇಬೇಕೆಂದಿಲ್ಲ.