ಎತ್ತರಿಸಿದ ಜೀಪು, ಅತ್ತೆಯವರ ಮಡಿ

೧೯೮೯ನೆಯ ಇಸವಿ, ಅನಂತ ಚತುರ್ದಶಿಯ ಮರುದಿನ, ಬೆಳಗಿನ ಐದೂವರೆ ಗಂಟೆ. ಹಾಜರಿದ್ದವರು ಮೂವರು: ಅತ್ತೆಯವರು, ನಮ್ಮ ಯಜಮಾನರು ಮತ್ತು ನಾನು. ಜೀಪನ್ನೂ ಸೇರಿಸಿದರೆ ನಾಲ್ವರು. ಅದನ್ನು ಸೇರಿಸಿಕೊಳ್ಳದೆ ನಮ್ಮ ಮನೆಯಲ್ಲಿ ಆ ವರ್ಷಗಳಲ್ಲಿ ಯಾವ ಕೆಲಸವೂ ನಡೆಯುತ್ತಿರಲಿಲ್ಲ.

ಹೋಗಬೇಕಾದದ್ದು ನಿಪ್ಪಾಣಿ ಕಡೆಯ ಭೋಜ ಎಂಬ ಊರಿಗೆ. ಅಲ್ಲಿ ಅತ್ತೆಯವರ ತಂಗಿ, ನಮ್ಮ ಮಾವಶಿ, ನಮ್ಮ ಜೈನರ ಪರ್ವದ ಹತ್ತೂ ದಿನ ಅನ್ನ ಮುಟ್ಟದೆ ಕಾಸಿದ ನೀರಿನ ಮೇಲೆ ಉಪವಾಸ ಮಾಡಿದ್ದರು. ಅಂದು ಪಾರಣೆ, ಎಂದರೆ ಉಪವಾಸ ಬಿಡುವ ದಿನ. ಸಣ್ಣಂದಿನಲ್ಲೇ ತಾಯಿ ತೀರಿದ್ದರಿಂದ ಅವರನ್ನು ಸಾಕಿದವರು ಅತ್ತೆಯವರು. ಅದಕ್ಕೇ ಮಾವಶಿ ಮೊದಲೇ ಹೇಳಿ ಕಳುಹಿಸಿದ್ದರು: ಮೊದಲ ಗುಟುಕು ಅಕ್ಕನ ಕೈಯಿಂದಲೇ ಆಗಬೇಕು, ಅಕ್ಕ ಬರುವ ತನಕ ತಾವು ಬಾಯಿ ತೆರೆಯುವುದಿಲ್ಲ. ಹಿಂದಿನ ದಿನವೇ ಹೋಗಲು ಆಗಲಿಲ್ಲ. ಚತುರ್ದಶಿಯ ಅಭಿಷೇಕಕ್ಕೆ ನಮ್ಮೂರ ಬಸದಿಯಲ್ಲಿ ಅತ್ತೆಯವರು ಇರಲೇಬೇಕಿತ್ತು. ಹೀಗಾಗಿ ನಾವು ಎಷ್ಟು ತಡ ಮಾಡುತ್ತೇವೋ ಅಷ್ಟು ಹೊತ್ತು ಅಲ್ಲಿ ಒಬ್ಬ ಮುದುಕಿ ಹಸಿದು ಕೂತಿರುತ್ತಾಳೆ. ಲೆಕ್ಕ ಇಷ್ಟೇ.

ನಾನು ಓದಿದ್ದು ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ. ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಸ್ನಾನ, ಪ್ರಾರ್ಥನೆ, ಪಾಠ, ಊಟ. ಅಲ್ಲಿಂದ ಬಂದವಳಿಗೆ ಹೊರಡುವ ತಯಾರಿ ಕಷ್ಟವಲ್ಲ. ಸೋಸಿ ಕಾಸಿದ ನೀರಿನ ತಂಬಿಗೆ, ಹೆಸರುಬೇಳೆ, ತುಪ್ಪ, ಅತ್ತೆಯವರಿಗೆ ಕೂರಲು ತೊಳೆದ ಮಣೆ, ಎಲ್ಲವನ್ನೂ ರಾತ್ರಿಯೇ ಒಂದೆಡೆ ಇಟ್ಟಿದ್ದೆ. ತಯಾರಿಗೆ ಸಿಗದ ವಸ್ತು ಒಂದೇ ಇತ್ತು. ಅದು ಜೀಪಿನ ಎತ್ತರ.

ಅದರ ಕಥೆ ಹೇಳಬೇಕು. ಚಿಕ್ಕೋಡಿಯಿಂದ ರಾಯಬಾಗದ ಕಡೆಗೆ ಹೋಗುವಾಗ ರಸ್ತೆಯಿಂದ ಒಳಗೆ ಸಿಗುವುದು ನಮ್ಮ ತೋಟ. ಕರಿ ಮಣ್ಣು, ಸುತ್ತ ಕಬ್ಬು. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳ ಗಾಲಿ ಓಡಾಡಿ ದಾರಿಯಲ್ಲಿ ಎರಡು ಆಳವಾದ ಜಾಡು, ನಡುವೆ ಒಂದು ದಿಬ್ಬ. ಯಜಮಾನರು ಮಿಲಿಟರಿಯವರು ಮಾರಿದ ಹಳೆಯ ಪೆಟ್ರೋಲ್ ಜೀಪು ತಂದ ಮೊದಲ ಮಳೆಗಾಲದಲ್ಲೇ ಅದು ಆ ದಿಬ್ಬದ ಮೇಲೆ ಹೊಟ್ಟೆ ಊರಿ ಕೂತಿತು. ನಾಲ್ಕೂ ಗಾಲಿ ಸುಮ್ಮನೆ ತಿರುಗುತ್ತಿದ್ದವು. ಎತ್ತು ಕಟ್ಟಿ ಎಳೆಸಿದೆವು. ಎತ್ತು ತಂದವನು ಒಂದು ವಾರ ಅದನ್ನೇ ಹೇಳಿ ನಕ್ಕ.

ಅಂದೇ ಯಜಮಾನರು ಜೀಪನ್ನು ಎತ್ತರಿಸಲು ನಿಶ್ಚಯಿಸಿದರು. ಗಾಡಿಯ ಭಾರ ಹೊರುವುದು ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ನಮ್ಮ ಕಡೆ ಅವಕ್ಕೆ ಪಾಟಾ ಎನ್ನುತ್ತಾರೆ. ನಿಪ್ಪಾಣಿಯಲ್ಲಿ ಪಾಟಾ ಕೆಲಸ ಮಾಡುವವನೊಬ್ಬ ಹಳೆಯವನ್ನು ಕಾಸಿ, ಬಡಿದು, ಹೆಚ್ಚು ಬಾಗಿಸಿಕೊಟ್ಟ. ಪಾಟಾ ತೂಗುವ ಕೊಂಡಿಗಳನ್ನು ಉದ್ದ ಮಾಡಿದ. ಮೈ ಮೇಲೆದ್ದಿತು, ಬ್ರೇಕಿನ ರಬ್ಬರ್ ಪೈಪು ಸಾಲದಾಯಿತು, ಉದ್ದನೆಯದನ್ನು ಹಾಕಿಸಿದರು. ಮೈ ಎದ್ದರೂ ಗಾಲಿಗಳ ಅಚ್ಚಿನ ನಡುವಿನ ಕಬ್ಬಿಣದ ಗುಂಡು ದಿಬ್ಬಕ್ಕೆ ತಾಗುವಷ್ಟು ಕೆಳಗೇ ಉಳಿದಿತ್ತು, ಅದಕ್ಕಾಗಿ ದೊಡ್ಡ ಗಾಲಿ ಬಂದವು.

ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಮಾಡಿದ್ದು ಕಬ್ಬು ಬೆಳೆಯುವವರು ಮಾತ್ರ ಮಾಡುವ ತಪ್ಪು. ನಮ್ಮಲ್ಲಿ ಯಾವ ಗಾಡಿ ಕಂಡರೂ ಮೊದಲ ಪ್ರಶ್ನೆ, ಎಷ್ಟು ಕಬ್ಬು ಹೇರಬಹುದು ಎಂಬುದೇ. ಯಜಮಾನರು, ಅವರ ಗೆಳೆಯರು, ನಿಪ್ಪಾಣಿಯವನು ಎಲ್ಲರೂ ಒಮ್ಮತದಿಂದ ಕಬ್ಬಿನ ಟ್ರಾಲಿಯ ಎರಡೆರಡು ಪಾಟಾ ತಂದು ಜೀಪಿನ ಹಿಂಬದಿಗೆ ಸೇರಿಸಿದರು. ನಾಲ್ಕು ಚೀಲ ಹೇರಿದರೆ ಜೀಪು ಹಂಸದಂತೆ ಹೋಗುತ್ತಿತ್ತು. ಬರಿದೇ ಹೊರಟರೆ ಒದೆಯುವ ಕತ್ತೆ. ಹೀಗಾಗಿ ಮದುವೆಗೆ, ಮುಂಜಿಗೆ, ಯಡೂರಿನ ಜಾತ್ರೆಗೆ, ಎಲ್ಲಿಗೇ ಹೋದರೂ ಹಿಂದೆ ನಾಲ್ಕು ಚೀಲ ಉಸುಕು ಹೇರಿಕೊಂಡು ಹೋಗುವುದು ನಮ್ಮ ಮನೆಯ ಪದ್ಧತಿಯಾಯಿತು. ಪಾಲಬಾವಿಯ ಬೀಗರು ಮೊದಲ ಸಲ ಚೀಲ ಕಂಡು, “ಇಷ್ಟ್ಯಾಕ ತರಾಕ ಹೋದ್ರಿ, ಮನಿಯಾಗ ಎಲ್ಲಾ ಐತಿ” ಎಂದು ಸಂಕೋಚದಿಂದ ಇಳಿಸಲು ಬಂದರು. ಉಸುಕೆಂದು ತಿಳಿದ ಮೇಲೂ ಅವರ ಸಂಕೋಚ ಹೋಗಲಿಲ್ಲ, ನಮ್ಮದೂ ಹೋಗಲಿಲ್ಲ.

ನನಗೆ ಜೀಪಿನ ಮೇಲೆ ಸಿಟ್ಟಿರಲಿಲ್ಲ. ಸೀರೆಯ ನೆರಿಗೆ ಎಡಗೈಯಲ್ಲಿ ಎತ್ತಿ, ಬಲಗೈಯಲ್ಲಿ ಕಂಬಿ ಹಿಡಿದು, ಒಂದೇ ಜಿಗಿತಕ್ಕೆ ಹತ್ತುವುದನ್ನು ಕಲಿತಿದ್ದೆ. ಮೇಲೆ ಕೂತರೆ ಕಬ್ಬಿನ ಸುಳಿಗಳ ಮೇಲಿನಿಂದ ಊರೆಲ್ಲ ಕಾಣುತ್ತಿತ್ತು. ಕಷ್ಟ ಅತ್ತೆಯವರದು. ಒಮ್ಮೆ ಜಾರಿ ಬಿದ್ದ ಮೇಲೆ ಅವರ ಬಲಮೊಣಕಾಲು ಸರಿಯಾಗಿ ಮಡಚುತ್ತಿರಲಿಲ್ಲ. ಒಂದು ಗೇಣು ಏರಬಲ್ಲರು, ಒಂದು ಗೇಣು ಇಳಿಯಬಲ್ಲರು. ಆ ಬೆಳಿಗ್ಗೆ ಮತ್ತೊಂದು ತೊಡಕು. ಪಾರಣೆಗೆ ನೀರು ಹಾಕುವ ಕೈ ಶುದ್ಧವಿರಬೇಕೆಂದು ಅವರು ಸ್ನಾನ ಮಾಡಿ ಮಡಿ ಸೀರೆ ಉಟ್ಟು ಬಂದಿದ್ದರು. ಅವರನ್ನು ಯಾರೂ ಮುಟ್ಟುವಂತಿಲ್ಲ. ನಾನು ಮಡಿ ಉಟ್ಟಿರಲಿಲ್ಲ. ಮನೆಯಲ್ಲಿ ಒಬ್ಬರು ಮಡಿಯಲ್ಲಿದ್ದರೆ ಇನ್ನೊಬ್ಬರು ಕೆಲಸಕ್ಕೆ ಬೇಕು.

ಅತ್ತೆಯವರು ಕಟ್ಟೆಯ ಮೇಲೆ ನಿಂತು ಜೀಪನ್ನು ನೋಡಿದರು.

“ತಮ್ಮಾ, ಆನಿ ಮ್ಯಾಲ ಏರಾಕ ಏಣಿ ಇರತೈತಿ. ನಿಂದಕ್ಕ ಏಣಿ ಎಲ್ಲೈತಿ?”

“ಅವ್ವಾ, ತೋಟದ ದಾರ್‍ಯಾಗ ಇದರ ಹೊಟ್ಟಿ ತಾಗತಿತ್ತು, ಅದಕ್ಕ ಎತ್ತರಿಸೀನಿ.”

“ಗಾಡೀ ಹೊಟ್ಟೀ ಕಾಳಜಿ ಮಾಡಿದಿ. ಹಡದಾಕೀ ಮೊಣಕಾಲಿಂದ ಯಾರ ಮಾಡಬೇಕು?”

ನಾನು ಕಟ್ಟೆ ನೋಡಿದೆ, ಜೀಪು ನೋಡಿದೆ. “ಏನ್ರೀ, ಗಾಡಿ ಇಲ್ಲಿ ಕಟ್ಟಿಗೆ ಒರಸಿ ನಿಂದರಸ್ರಿ” ಎಂದೆ. ಅವರು ಎಡಮಗ್ಗುಲನ್ನು ಕಟ್ಟೆಗೆ ತಾಗಿಸಿ ನಿಲ್ಲಿಸಿದರು. ಜೀಪಿನ ತಳವೂ ನಮ್ಮ ಕಟ್ಟೆಯೂ ಒಂದೇ ಮಟ್ಟ. ನಾನು ಮುಂದಿನ ಸೀಟಿನ ಮೇಲೆ ಮಣೆ ಇಟ್ಟೆ. ಅತ್ತೆಯವರು ಪಡಸಾಲೆಯಿಂದ ಅಡುಗೆಮನೆಗೆ ಹೋದಂತೆ ಕಟ್ಟೆಯಿಂದ ಜೀಪಿಗೆ ನಡೆದು ಹೋಗಿ ಕೂತರು. “ಈಗ ಖರೇ ಹೇಳಬೇಕಂದ್ರ ಮೊದಲಿನಕಿಂತ ಇದ ಚಲೋ” ಎಂದರು. ಯಜಮಾನರ ಮುಖ ಅರಳಿತು. ಭೋಜದಲ್ಲಿ ಇಳಿಯುವುದು ಹೇಗೆಂದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾನು ಹಿಂದೆ ಉಸುಕಿನ ಚೀಲದ ಮೇಲೆ ಕೂತೆ. ಚಿಕ್ಕೋಡಿ ದಾಟುವಾಗ ಸೂರ್ಯ ಮೇಲೆ ಬಂದಿದ್ದ. ಅತ್ತೆಯವರು ಕಂಬಿ ಹಿಡಿದು, ಗುಂಡಿ ಬಂದಾಗಲೆಲ್ಲ ಮಂತ್ರ ಜೋರಾಗಿ ಹೇಳಿ, ಸಪಾಟು ರಸ್ತೆ ಬಂದಾಗ ಮೆಲ್ಲಗೆ ಹೇಳುತ್ತಿದ್ದರು. ರಸ್ತೆ ಹೇಗಿದೆಯೆಂದು ನಾನು ಕಣ್ಣು ಮುಚ್ಚಿಯೂ ಹೇಳಬಹುದಿತ್ತು.

ಭೋಜ ಇನ್ನೂ ಮುಂದಿರುವಾಗ ಹಳ್ಳ ಬಂತು. ರಾತ್ರಿಯ ಮಳೆಗೆ ಸೇತುವೆಯಂಥ ಕಲ್ಲಿನ ಹಾಸಿನ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಈಚೆ ದಂಡೆಯಲ್ಲಿ ಬಸ್ಸು ನಿಂತಿತ್ತು, ಜನ ಇಳಿದು ಬೀಡಿ ಸೇದುತ್ತಿದ್ದರು. ಯಜಮಾನರು ಪಕ್ಕದ ಹೊಲದವರನ್ನು ಕೇಳಿ ಒಂದು ಕಬ್ಬು ಮುರಿದು ತಂದರು. ಮೊದಲು ಅದನ್ನು ಜೀಪಿನ ಪಕ್ಕ ಊರಿ ತಳ ಯಾವ ಗಣ್ಣಿಗೆ ಬರುತ್ತದೆಂದು ನೋಡಿದರು, ಆಮೇಲೆ ಕಬ್ಬು ಊರುತ್ತ ನೀರಿನಲ್ಲಿ ಆಚೆಯ ತನಕ ನಡೆದು ಬಂದರು. ನೀರು ಒಂದು ಗಣ್ಣು ಕೆಳಗೇ ಇತ್ತು. ಹರಿವು ಜೋರಿರಲಿಲ್ಲ. ನೀರು ಎರಚಿ ಎಂಜಿನ್ ಆರಬಾರದೆಂದು ಫ್ಯಾನಿನ ಬೆಲ್ಟು ಬಿಚ್ಚಿದರು.

ಕಂಡಕ್ಟರ್ ಹತ್ತಿರ ಬಂದ. “ಜಪೂನ್, ಹುಷಾರಿಲೆ ಹೋಗ್ರಿ ಕಾಕಾ. ಆಯೀನ್ನ ಇಲ್ಲೇ ಇಳಿಸಿ ಹೋಗ್ರಿ ಬೇಕಾದ್ರ.”

“ಇಳಿಯೋದು ಅಷ್ಟು ಹಗುರಿದ್ರ ನಾ ಯಾಕ ಚಿಂತಿ ಮಾಡತಿದ್ದೆ, ಮಗಾ” ಎಂದರು ಅತ್ತೆಯವರು. ಆಗಲೇ ನನಗೆ ಮುಂದಿನ ತೊಡಕು ಹೊಳೆದದ್ದು.

ಜೀಪು ನಿಧಾನಕ್ಕೆ ಇಳಿಯಿತು. ಗಾಲಿ ಮುಳುಗಿದವು, ತಳ ಒಣಗಿಯೇ ಉಳಿಯಿತು. ಆಚೆ ದಂಡೆ ಏರಿದಾಗ ಬಸ್ಸಿನ ಜನ ಕೈ ಬೀಸಿದರು. ಯಜಮಾನರು ಬೆಲ್ಟು ಹಾಕುತ್ತ, “ಸುಮ್ಮನ ಎತ್ತರಿಸೀನೇನು?” ಎಂದರು. 

ಭೋಜದ ಓಣಿಯಲ್ಲಿ ಮಾವಶಿಯ ಮನೆಯ ಮುಂದೆ ನಿಂತಾಗ ಒಂಬತ್ತಾಗಿತ್ತು. ಅವರ ಸೊಸೆ ಬಾಗಿಲಿಗೆ ಬಂದಳು. ಅವಳೂ ಅಡುಗೆಯ ಮಡಿಯಲ್ಲಿದ್ದಳು. “ಬರ್ರಿ ದೊಡ್ಡವ್ವಾ. ಅತ್ತಿ ನಿಮ್ಮ ದಾರೀನ ನೋಡಾಕತ್ತಾರ. ಇವತ್ತ ಒಂದ ಹನಿ ನೀರ ಮುಟ್ಟಿಲ್ಲ. ಮುಂಜಾನೆ ಬಸದಿಗೆ ಹೋಗಿ ಬಂದಾಗಿಂದ ತಲಿ ತಿರಗತೈತಿ ಅಂತಾರ.”

ಅವರ ಕಟ್ಟೆ ನಮ್ಮದಕ್ಕಿಂತ ಬಹಳ ಗಿಡ್ಡ. ಕಟ್ಟೆಗೂ ಓಣಿಗೂ ನಡುವೆ ಗಟಾರ. ಸ್ಟೂಲು ತರಿಸಿದೆ. ಕೆಸರಿನಲ್ಲಿ ಅದರ ಒಂದು ಕಾಲು ಹುಗಿದು ವಾಲಿತು. ಅತ್ತೆಯವರು ಅದನ್ನು ಮೇಲಿನಿಂದಲೇ ನೋಡಿ ಕಾಲು ಹಿಂದೆಳೆದುಕೊಂಡರು.

“ನಾ ಹಿಡೀತೀನ್ರಿ, ಮಡಿಯಾಗ ಅದೀನಿ” ಎಂದಳು ಸೊಸೆ.

“ನೀ ಕಡ್ಡಿಯಂಗ ಅದಿ. ನನ್ನ ಹಿಡಿಯಾಕ ಹೋಗಿ ಇಬ್ಬರೂ ಗಟಾರದಾಗ. ಮತ್ತ ಇಬ್ಬರೂ ಸ್ನಾನ ಮಾಡಿ ಬರೋತನಕ ಆಕಿ ಹಸದು ಕುಂದ್ರಬೇಕು.”

ಯಜಮಾನರು ಎರಡೂ ತೋಳು ಮುಂದೆ ಮಾಡಿದರು. “ಅವ್ವಾ, ಮಡಿ ಹೋದರ ಹೋಗಲಿ, ಎತ್ತಿ ಇಳಸ್ತೀನಿ.”

“ಗ್ರೀಸ್ ಕೈಲೆ ಎತ್ತಸ್ಕೊಂಡು, ಅದೇ ಮೈಲೆ ಆಕೀ ಬಾಯಿಗೆ ನೀರ ಹಾಕ್ಲೇನು? ಹತ್ತು ದಿನಾ ಇದಕ್ಕ ಮಾಡ್ಯಾಳೇನು ಆಕಿ?”

ಅಷ್ಟರಲ್ಲಿ ಮಾವಶಿಯೇ ಗೋಡೆ ಹಿಡಿದುಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಮುಖ ಬತ್ತಿತ್ತು, ತುಟಿ ಒಡೆದಿದ್ದವು. ಮೇಲೆ ಕೂತ ಅಕ್ಕನನ್ನು ನೋಡಿ, “ಅಕ್ಕಾ, ಅಲ್ಲೇ ಇರತಿ ಏನು? ನಾ ಇನ್ನೊಂದ ಹತ್ತು ದಿನಾ ಹಿಡೀಲಿ?” ಎಂದರು. ದನಿ ಬಹಳ ಸಣ್ಣದಾಗಿತ್ತು. ಅತ್ತೆಯವರ ಕಣ್ಣು ತುಂಬಿತು. ನಗೆಯೂ ಬಂತು.

ಯಜಮಾನರು ಗಟಾರವನ್ನು ನೋಡುತ್ತ ನಿಂತಿದ್ದರು. ಅದರ ಅಗಲವನ್ನು ಹೆಜ್ಜೆಯಿಂದ ಅಳೆದರು. ಆ ಜೀಪು ಎಲ್ಲಿಯೂ ತಗ್ಗಿಗೆ ಇಳಿಯಬಾರದೆಂದು ವರ್ಷಗಟ್ಟಲೆ ದುಡಿದ ಮನುಷ್ಯ ನನ್ನ ಕಡೆ ತಿರುಗಿ, “ಎಡಗಡೆ ಗಾಲಿ ಎರಡೂ ಗಟಾರಕ್ಕ ಇಳಸ್ತೀನಿ” ಎಂದರು.

ಅಂದರೆ ಗಾಡಿ ಕಟ್ಟೆಯ ಕಡೆ ವಾಲುತ್ತದೆ, ಎತ್ತರವೂ ತಗ್ಗುತ್ತದೆ, ನಡುವಿನ ಅಂತರವೂ ಮುಚ್ಚುತ್ತದೆ. ಆದರೆ ಎತ್ತರಿಸಿದ ಗಾಡಿ ಪಕ್ಕಕ್ಕೆ ವಾಲಿದರೆ ಮಗುಚುವ ಭಯ. ನಾನು ನಾಲ್ಕೂ ಉಸುಕಿನ ಚೀಲವನ್ನು ಬಲಮಗ್ಗುಲಿಗೆ ಎಳೆದು ಒಂದರ ಮೇಲೊಂದು ಒಟ್ಟಿದೆ. ಓಣಿಯ ಇಬ್ಬರು ಗಂಡಸರು ಬಲಗಡೆಯ ಕಂಬಿಗೆ ಜೋತುಬಿದ್ದರು.

“ಅತ್ತೀ, ಕಂಬಿ ಗಟ್ಟಿ ಹಿಡೀರಿ.”

“ಹಿಡದೀನಿ ಯವ್ವಾ. ನೀ ಅವನ್ನ ನೋಡು.”

ಮುಂದಿನ ಗಾಲಿ ಇಳಿಯಿತು. ಜೀಪು ನರಳಿ ವಾಲಿತು. ಹಿಂದಿನದೂ ಇಳಿಯಿತು. ಬಿರುಸಾದ ಆ ಟ್ರಾಲಿ ಪಾಟಾಗಳು ಅಂದು ಒಂದು ಉಪಕಾರ ಮಾಡಿದವು. ಮೆತ್ತನೆಯವಾಗಿದ್ದರೆ ಮೈ ಇನ್ನಷ್ಟು ಓಲಾಡುತ್ತಿತ್ತು. ಇವು ಇದ್ದಲ್ಲೇ ಹಿಡಿದು ನಿಂತವು. ಎಂಜಿನ್ ನಿಂತ ಮೇಲೆ ನೋಡಿದರೆ ಜೀಪಿನ ತಳಕ್ಕೂ ಕಟ್ಟೆಗೂ ಒಂದು ಗೇಣಿನ ವ್ಯತ್ಯಾಸ. ಅತ್ತೆಯವರು ಮೊದಲು ಎಡಗಾಲು, ಆಮೇಲೆ ಬಲಗಾಲು ಇಟ್ಟು, ಯಾರ ಕೈಯನ್ನೂ ಹಿಡಿಯದೆ ಕಟ್ಟೆಗೆ ಬಂದು ನಿಂತರು. ಕೈಕಾಲು ತೊಳೆದು ಒಳಗೆ ಹೋದರು.

ತಂಗಿಯನ್ನು ಮಣೆಯ ಮೇಲೆ ಕೂರಿಸಿ, ಬೆಚ್ಚಗಿನ ನೀರನ್ನು ಚಮಚದಲ್ಲಿ ತುಟಿಗೆ ಹಿಡಿದರು. ಮಾವಶಿ ನುಂಗಿದರು. ಇನ್ನೊಂದು ಚಮಚ. ಆಮೇಲೆ ಹೆಸರುಬೇಳೆಯ ತಿಳಿಗಟ್ಟು. ಹೊರಗೆ ಓಣಿಯವರು ಜೀಪಿನ ಸುತ್ತ ನಿಂತು ತಲೆಗೊಂದು ಸಲಹೆ ಕೊಡುತ್ತಿದ್ದರು. ಬಟ್ಟಲು ಅರ್ಧವಾದಾಗ ಮಾವಶಿಯ ಮುಖಕ್ಕೆ ಸ್ವಲ್ಪ ಬಣ್ಣ ಬಂತು. “ಅಕ್ಕಾ, ತುಪ್ಪ ಕಡಿಮಿ ಹಾಕೀದಿ” ಎಂದರು.

“ಉಂಡಾಕಿಗೆ ಜೀವ ಬಂತು ನೋಡ್ರಿ” ಎಂದರು ಅತ್ತೆಯವರು.

ಅವರು ಒಂದು ವಾರ ಅಲ್ಲೇ ಉಳಿಯುತ್ತೇನೆಂದರು, ತಂಗಿ ಸರಿಯಾಗಿ ಉಣ್ಣುವ ತನಕ. ಮಧ್ಯಾಹ್ನ ಯಜಮಾನರು ನಾಲ್ಕೂ ಗಾಲಿಯ ಜೋರು ಹಾಕಿ, ಓಣಿಯವರ ಹೆಗಲೂ ಸೇರಿ, ಜೀಪನ್ನು ಗಟಾರದಿಂದ ಹೊರಗೆ ತಂದರು. ಹಳ್ಳದ ನೀರು ಅಷ್ಟರಲ್ಲಿ ಇಳಿದಿತ್ತು. ಹೊತ್ತು ಮುಳುಗುವ ಮೊದಲು ನಾವಿಬ್ಬರೂ ಮನೆಯಲ್ಲಿದ್ದೆವು, ಊಟ ಮುಗಿಸಿದ್ದೆವು.

ಯಜಮಾನರು, “ಗಾಡಿ ನಾಳೆ ತೊಳದರಾತು” ಎಂದರು. ಗಟಾರದ ಕೆಸರು ಪಾಟಾಗಳ ಸಂದಿಯಲ್ಲಿ ಒಣಗಿದರೆ ತುಕ್ಕು ಹಿಡಿಯುತ್ತದೆ ಎಂದು ನಾನು ಬಕೆಟ್ಟು ತಂದೆ. ಅವರು ಗೊಣಗುತ್ತ ಎದ್ದರು. ಇನ್ನೂ ಬೆಳಕಿತ್ತು. ಅವರು ನೀರು ಹೊಯ್ದರು, ನಾನು ತೆಂಗಿನ ನಾರಿನಿಂದ ತಿಕ್ಕಿದೆ. ನೀರು ಸೋರಿ ಹೋದ ಮೇಲೆ ಹಳೆಯ ಎಂಜಿನ್ ಎಣ್ಣೆಯನ್ನು ಒಂದೊಂದು ಪಾಟಾದ ನಡುವೆ ಹನಿಹನಿಯಾಗಿ ಬಿಟ್ಟು ಒರೆಸಿದೆವು. ಕೊನೆಯ ಪಾಟಾ, ಹಿಂದಿನ ಎಡಗಡೆಯದು, ಮುಗಿದಾಗ ಬಕೆಟ್ಟು ಬೋರಲು ಹಾಕಿ ಕೈ ತೊಳೆದುಕೊಂಡೆ.